ಅಮ್ಮನ ಬಾಲ್‌ಪೆನ್ ಅಕ್ಷರ ಬೋರ್ಡಿಗೆ ಏರಿದ್ದು: ಒಂದು ಪ್ರಕರಣ ಅಧ್ಯಯನ

ಮಲ್ಲೇಶ್ವರದ ಒಂದು ಅಡ್ಡರಸ್ತೆಯಲ್ಲಿ ಹತ್ತಡಿ ಅಗಲದ ಬೇಕರಿ ಇದೆ. ಒಳಗೆ ನಾಲ್ಕು ಸ್ಟೂಲು, ಒಂದು ಗಾಜಿನ ಕಪಾಟು, ಹಿಂದೆ ಓವನ್. ಖಾರ ಬನ್, ಬೆಣ್ಣೆ ಬಿಸ್ಕತ್ತು, ದಿಲ್‌ಪಸಂದ್, ರಾಗಿ ಕೇಕು. ಕುಡಿಯಲು ಕಾಫಿ, ಶುಂಠಿ ಚಹಾ. ನಡೆಸುವವರು ಒಬ್ಬ ಅಕ್ಕ. ಸಂಜೆ ಹೊತ್ತು ಅವರ ಅಮ್ಮ ಗಲ್ಲಾದಲ್ಲಿ ಕೂರುತ್ತಾರೆ. ಅಂಗಡಿಯ ಹೆಸರು ಇಲ್ಲಿ ಬೇಡ. ಅದರಲ್ಲಿ ಎರಡು ಪದ, ಆರು ಅಕ್ಷರ ಇವೆ, ಒಂದಕ್ಕೆ ಒತ್ತು, ಇನ್ನೊಂದಕ್ಕೆ ಏತ್ವದ ದೀರ್ಘ ಇದೆ. ಇಷ್ಟು ನೆನಪಿಟ್ಟುಕೊಂಡರೆ ಸಾಕು.

ಅಕ್ಷರ ವಿನ್ಯಾಸ ನನ್ನ ಕೆಲಸ. 2024ರ ಶುರುವಿನಲ್ಲಿ ಅಕ್ಕ ಫೋನ್ ಮಾಡಿದರು. ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲೇ ಇರಬೇಕು ಅನ್ನೋ ಕಾನೂನು ತಿದ್ದುಪಡಿಯದ್ದೇ ಆಗ ಎಲ್ಲ ಕಡೆ ಮಾತು. ಅವರ ಬೋರ್ಡಿನಲ್ಲಿ ಇಂಗ್ಲಿಷ್ ಹೆಸರು ಮೇಲೆ ದೊಡ್ಡದಾಗಿತ್ತು. ಕನ್ನಡ ಕೆಳಗೆ ಒಂದು ಮೂಲೆಯಲ್ಲಿತ್ತು. "ಕನ್ನಡ ಮೇಲೆ ಹಾಕೋಕೆ ನಂಗೆ ಖುಷೀನೇ. ಆದ್ರೆ ಈ ಕನ್ನಡ ದೊಡ್ಡದು ಮಾಡಿದ್ರೆ ಅಂಗಡಿ ಬೇರೆ ಯಾರದೋ ತರ ಕಾಣುತ್ತಲ್ಲ" ಎಂದರು.

ಹೋಗಿ ನೋಡಿದೆ. ಅವರು ಹೇಳಿದ್ದು ಸರಿಯಾಗೇ ಇತ್ತು. ಇಂಗ್ಲಿಷ್ ಹೆಸರನ್ನು ಅಮಾಟಿಕ್ ಎಸ್‌ಸಿ ಎಂಬ ಫಾಂಟಿನಲ್ಲಿ ಹಾಕಿದ್ದರು. ಇದನ್ನು ನೀವೂ ನೋಡಿರುತ್ತೀರಿ, ಹೆಸರು ಗೊತ್ತಿಲ್ಲದಿರಬಹುದು. ಕಾಫಿ ಅಂಗಡಿಯ ಕಪ್ಪು ಹಲಗೆ, ಮದುವೆ ಕಾರ್ಡು, ಮಕ್ಕಳ ಹುಟ್ಟುಹಬ್ಬದ ಕರೆಯೋಲೆ, ಹೀಗೆ ಎಲ್ಲ ಕಡೆ ಇದೆ. ಉದ್ದನೆಯ, ಸಪೂರ, ಎಲ್ಲವೂ ದೊಡ್ಡಕ್ಷರ. ತೆಳ್ಳಗಿನ ಮಾರ್ಕರ್ ಹಿಡಿದು ಅವಸರವಿಲ್ಲದೆ ಬರೆದ ಹಾಗೆ ಗೆರೆಗಳು ಅಲ್ಲಲ್ಲಿ ತುಸು ವಾಲುತ್ತವೆ. ಮಾಡಿದವರು ವರ್ನನ್ ಆಡಮ್ಸ್. ಆಸ್ವಾಲ್ಡ್ ಎಂಬ ಇನ್ನೊಂದು ಜನಪ್ರಿಯ ಫಾಂಟೂ ಅವರದ್ದೇ. 2016ರಲ್ಲಿ ತೀರಿಕೊಂಡರು. ಅಮಾಟಿಕ್ ಅನ್ನು ಯಾರು ಬೇಕಾದರೂ ಬಳಸಬಹುದಾದ ಮುಕ್ತ ಲೈಸೆನ್ಸಿನಲ್ಲಿ ಕೊಟ್ಟು ಹೋದರು. ಅದಕ್ಕೇ ಅದು ಇಷ್ಟು ಹರಡಿದೆ.

ಕೆಳಗಿದ್ದ ಕನ್ನಡ? ಕಂಪ್ಯೂಟರಿನಲ್ಲಿ ಮೊದಲು ಕೈಗೆ ಸಿಕ್ಕ ದಪ್ಪ ಫಾಂಟು. ಮೇಲೆ ಪಿಸುಮಾತು, ಕೆಳಗೆ ಮೈಕು. ಒಂದೇ ಹೆಸರನ್ನು ಇಬ್ಬರು ಬೇರೆ ಬೇರೆ ಜನ ಕೂಗುತ್ತಿರುವ ಹಾಗಿತ್ತು.

ಅಕ್ಕನಿಗೆ ಬೇಕಿದ್ದದ್ದು ಇಷ್ಟೇ: ಕನ್ನಡ ಮೇಲಿರಬೇಕು, ದೊಡ್ಡದಾಗಿರಬೇಕು, ಆದರೆ ಅಂಗಡಿಯ ಮೆದು ದನಿ ಹಾಗೇ ಉಳಿಯಬೇಕು.

ಮೊದಲ ತಪ್ಪು

ತೆಳ್ಳಗಿನ, ಕೈಯಲ್ಲಿ ಬರೆದ ಹಾಗಿರುವ ಕನ್ನಡ ಫಾಂಟ್ ಹುಡುಕಿದೆ. ತೆಳ್ಳಗಿರುವವು ಇವೆ. ನೋಟೋ ಸಾನ್ಸ್ ಕನ್ನಡ 100ರಿಂದ 900ರವರೆಗೆ ಎಲ್ಲ ದಪ್ಪಗಳಲ್ಲೂ ಸಿಗುತ್ತದೆ. ಏಕ್ ಟೈಪ್ ತಂಡದ ಅನೇಕ್ ಕನ್ನಡಕ್ಕೂ ತೀರಾ ತೆಳ್ಳಗಿನ ರೂಪ ಇದೆ. ಆದರೆ ಇವೆರಡೂ ಅಳತೆಪಟ್ಟಿ ಹಿಡಿದು ನಿಂತ ಅಕ್ಷರಗಳು. ಕೈಯ ಗುಣ ಇರುವವೂ ಇವೆ. ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ಮಾಡಿದ ಅಕಾಯ ಕನಡಕ ನನಗೆ ತುಂಬ ಇಷ್ಟ. ಆದರೆ ಅದು ತೆಳ್ಳಗಿಲ್ಲ, ಅದಕ್ಕೆ ಅದರದ್ದೇ ಆದ ಗಟ್ಟಿ ಮೈಕಟ್ಟಿದೆ. ಬಲೂ ತಮ್ಮ ಅಂತೂ ಉಬ್ಬಿದ ಪೂರಿ, ಮಕ್ಕಳ ಪುಸ್ತಕಕ್ಕೆ ಹೇಳಿ ಮಾಡಿಸಿದ ಹಾಗಿದೆ. ತೆಳುವೂ ಆಗಬೇಕು, ಕೈಬರಹವೂ ಆಗಬೇಕು ಅಂದರೆ ನನಗೆ ಏನೂ ಸಿಗಲಿಲ್ಲ.

ಆಗ ಸುಲಭದ ದಾರಿ ಹಿಡಿದೆ. ನೋಟೋದ ತೆಳ್ಳಗಿನ ಅಕ್ಷರಗಳನ್ನು ತೆಗೆದುಕೊಂಡು ಅಂಚನ್ನು ಒರಟು ಮಾಡುವ ಎಫೆಕ್ಟ್ ಹಾಕಿದೆ. ಒಂದು ಗಂಟೆಯ ಕೆಲಸ. ಪ್ರಿಂಟ್ ತೆಗೆದು ಅಕ್ಕನಿಗೆ ತೋರಿಸಿದೆ.

"ಇಲಿ ಕಡಿದ ಹಾಗಿದೆ" ಎಂದರು.

ಆ ಮಾತು ತಲೆಯಲ್ಲಿ ಉಳಿಯಿತು. ಯಾಕೆ ಹಾಗೆ ಕಾಣುತ್ತದೆ ಎಂದು ಯೋಚಿಸಿದಾಗ ಇಡೀ ಕೆಲಸದ ಬೀಗದ ಕೈ ಸಿಕ್ಕಿತು. ಕೈಯಲ್ಲಿ ಬರೆದಾಗ ಗೆರೆಯ ಅಂಚು ಒರಟಾಗುವುದಿಲ್ಲ. ಒಳ್ಳೆಯ ಪೆನ್ನಿನ ಗೆರೆಯ ಅಂಚು ನುಣ್ಣಗೇ ಇರುತ್ತದೆ. ಅಲುಗುವುದು ಗೆರೆಯ ದಾರಿ. ಕೈ ಎಲ್ಲಿ ನಿಧಾನ ಮಾಡಿತು, ಎಲ್ಲಿ ಜಾರಿತು, ಎಲ್ಲಿ ಎತ್ತಿ ಮತ್ತೆ ಇಟ್ಟಿತು ಅನ್ನೋದು ಅಕ್ಷರದ ಎಲುಬಿನಲ್ಲೇ ಕೂತಿರುತ್ತದೆ. ನಾನು ಎಲುಬನ್ನು ಯಂತ್ರದ್ದೇ ಉಳಿಸಿಕೊಂಡು ಚರ್ಮವನ್ನು ಮಾತ್ರ ಕೆರೆದಿದ್ದೆ. ದಪ್ಪ ಅಕ್ಷರದಲ್ಲಾದರೆ ಇದು ಒಂದಿಷ್ಟು ಮುಚ್ಚಿಹೋಗುತ್ತದೆ, ಮೈ ತುಂಬಿಕೊಂಡಿರುತ್ತದಲ್ಲ. ತೆಳ್ಳಗಿನ ಅಕ್ಷರದಲ್ಲಿ ಇರುವುದೇ ಎಲುಬು. ಅಲ್ಲಿ ಸುಳ್ಳು ಹೇಳೋಕೆ ಜಾಗ ಇಲ್ಲ.

ನೋಟ್‌ಬುಕ್

ಕಾಫಿ ಕುಡಿಯುತ್ತಾ ಕೂತಿದ್ದಾಗ ಗಲ್ಲಾದ ಹಿಂದೆ ಒಂದು ಹಳೇ ಉದ್ದನೆಯ ನೋಟ್‌ಬುಕ್ ಕಂಡಿತು. ಕಂದು ಬೈಂಡಿಂಗು, ಮೂಲೆಗೆ ಎಣ್ಣೆ ಕಲೆ. ಅಮ್ಮನ ಅಡುಗೆ ಪುಸ್ತಕ. ಬೆಣ್ಣೆ ಬಿಸ್ಕತ್ತಿನ ಅಳತೆ, ಕೇಕಿನ ಅಳತೆ, ಪಕ್ಕದ ಮನೆಯವರು ಹೇಳಿಕೊಟ್ಟ ನಿಪ್ಪಟ್ಟು, ಎಲ್ಲವೂ ನೀಲಿ ಬಾಲ್‌ಪೆನ್ನಿನಲ್ಲಿ.

ಬಾಲ್‌ಪೆನ್ ಒಂದೇ ದಪ್ಪದ ಗೆರೆ ಎಳೆಯುತ್ತದೆ. ಜೊಂಡಿನ ಲೇಖನಿ ಅಥವಾ ಕುಂಚದ ಹಾಗೆ ತಿರುವಿನಲ್ಲಿ ಉಬ್ಬುವುದಿಲ್ಲ, ಇಳಿಯುವುದಿಲ್ಲ. ನನಗೆ ಬೇಕಿದ್ದ ತೆಳ್ಳಗಿನ ಕೈಬರಹ ಕಣ್ಣೆದುರೇ ಇತ್ತು. "ಇದನ್ನ ಎರಡು ದಿನ ಕೊಡ್ತೀರಾ?" ಎಂದೆ. ಅಮ್ಮ ಒಪ್ಪಲಿಲ್ಲ. ಕೂತು ಫೋಟೋ ತೆಗೆದುಕೋ ಎಂದರು. ತೆಗೆದುಕೊಂಡೆ.

ಆ ಫೋಟೋಗಳನ್ನು ದೊಡ್ಡದು ಮಾಡಿ ನೋಡಿದಷ್ಟು ದಿನ ನಾನು ಇನ್ಯಾವ ಅಕ್ಷರವನ್ನೂ ನೋಡಿಲ್ಲ. ಅಮ್ಮ 'ರ' ಬರೆಯುವಾಗ ಸುತ್ತು ಪೂರ್ತಿ ಮುಚ್ಚುವುದಿಲ್ಲ, ಎಡಗಡೆ ಒಂದು ಕೂದಲೆಳೆಯಷ್ಟು ಬಿಡುತ್ತಾರೆ. ತಲೆಕಟ್ಟನ್ನು ಕೊನೆಗೆ ಹಾಕುತ್ತಾರೆ. ಅದು ಅಕ್ಷರಕ್ಕೆ ಅಂಟುವುದಿಲ್ಲ, ಬಲಕ್ಕೆ ತುಸು ಮೇಲೇಳುತ್ತದೆ, ಟೋಪಿ ವಾರೆ ಇಟ್ಟ ಹಾಗೆ. 'ಣ್ಣೆ' ಬರೆಯುವಾಗ ಒತ್ತು ನೇರ ಕೆಳಗೆ ಬರುವುದಿಲ್ಲ, ಬಲಕ್ಕೆ ಜಾರಿ ಮುಂದಿನ ಅಕ್ಷರದ ಬುಡಕ್ಕೆ ಸೇರಿಕೊಳ್ಳುತ್ತದೆ. ಏತ್ವದ ದೀರ್ಘವನ್ನು ಉದ್ದಕ್ಕೆ ಎಳೆದುಬಿಡುತ್ತಾರೆ, 'ಕೇಕು' ಎಂದು ಹೇಳುವಾಗ ಅವರ ದನಿ ಎಳೆಯುವಷ್ಟೇ. ಬಿಗಿಯಾದ ತಿರುವು ಮುಗಿದ ಮೇಲೆ ಶಾಯಿಯ ಒಂದು ಸಣ್ಣ ಚುಕ್ಕೆ ಉಳಿದಿದೆ. ಬಾಲ್‌ಪೆನ್ ಹಾಗೆಯೇ, ತಿರುವಿನಲ್ಲಿ ಕೂಡಿಟ್ಟ ಶಾಯಿಯನ್ನು ಆಮೇಲೆ ಬಿಡುತ್ತದೆ. ಈ ಚುಕ್ಕೆಗಳನ್ನು ಒರೆಸಬಾರದು ಎಂದು ಅವತ್ತೇ ತೀರ್ಮಾನ ಮಾಡಿದೆ.

ಒಂದು ಮಾತು ಇಲ್ಲೇ ಹೇಳಬೇಕು. ತೆಳ್ಳಗಿನ ಅಕ್ಷರ ಅಂದರೆ ಇಂಗ್ಲಿಷಿನಿಂದ ಬಂದ ಫ್ಯಾಷನ್, ಕನ್ನಡಕ್ಕೆ ದಪ್ಪವೇ ಚಂದ ಅಂತ ನಮ್ಮ ಕೆಲಸದವರಲ್ಲೇ ಎಷ್ಟೋ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ತಾಳೆಗರಿಯ ಕಟ್ಟು ಬಿಚ್ಚಿ ನೋಡಿ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ 1891ರಿಂದ ಕೂಡಿಟ್ಟ ಓಲೆಗಳಿವೆ. ಕಂಠ ಎನ್ನುವ ಕಬ್ಬಿಣದ ಮೊನೆಯಿಂದ ಗರಿಯ ಮೇಲೆ ಕೊರೆದು, ಆಮೇಲೆ ಮಸಿ ಸವರಿ ಒರೆಸುತ್ತಿದ್ದರು. ಕೊರೆದ ಜಾಗದಲ್ಲಿ ಮಾತ್ರ ಮಸಿ ನಿಲ್ಲುತ್ತಿತ್ತು. ಮೊನೆಗೆ ದಪ್ಪ ಗೆರೆ, ತೆಳು ಗೆರೆ ಅಂತ ಎರಡು ಬರುವುದಿಲ್ಲ. ಉದ್ದಕ್ಕೂ ಒಂದೇ ಎಳೆ. ಅಷ್ಟು ಸಣ್ಣ ಅಕ್ಷರ, ಅಷ್ಟು ತೆಳು ಗೆರೆ, ಆದರೂ ಓದಬಹುದು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಶುರುವಾದಾಗಲೂ ಅಚ್ಚಿನ ಮೊಳೆ ಜೋಡಿಸಿ ಅಲ್ಲ, ಕಲ್ಲಚ್ಚಿನಲ್ಲಿ ಮುದ್ರಣವಾಯಿತು. ಕೈಯಲ್ಲಿ ಬರೆದದ್ದೇ ಕಾಗದಕ್ಕೆ ಇಳಿಯಿತು. ಸ್ಲೇಟಿನ ಮೇಲೆ ಬಳಪದಲ್ಲಿ ನಾವೆಲ್ಲ ಕಲಿತದ್ದೂ ಒಂದೇ ಎಳೆಯ ಅಕ್ಷರವೇ ಅಲ್ವಾ? ದಪ್ಪ ಆಮೇಲೆ ಬಂದದ್ದು. ಕನ್ನಡದ ಕೈಗೆ ತೆಳು ಹೊಸದಲ್ಲ.

ಅಮಾಟಿಕ್ ಜೊತೆ ಹೊಂದಿಸುವುದು

ಇಂಗ್ಲಿಷ್ ಹೆಸರು ಅಮಾಟಿಕ್‌ನಲ್ಲೇ ಇರಲಿ ಎಂದು ಅಕ್ಕ ಮೊದಲೇ ಹೇಳಿದ್ದರು. ಗಿರಾಕಿಗಳಿಗೆ ಅದು ಅಭ್ಯಾಸವಾಗಿತ್ತು. ಈಗ ಅದರ ಪಕ್ಕ ಅಮ್ಮನ ಅಕ್ಷರ ನಿಲ್ಲಬೇಕು.

ಅಮಾಟಿಕ್ ಎತ್ತರ, ಸಪೂರ. ಕನ್ನಡ ಅಗಲ, ದುಂಡು. ಕನ್ನಡವನ್ನೂ ಹಿಂಡಿ ಸಪೂರ ಮಾಡಿ ನೋಡಿದೆ. 'ಬ', 'ಖ', 'ಣ' ಎಲ್ಲ ಲಿಫ್ಟಿನಲ್ಲಿ ಒತ್ತಿಕೊಂಡು ನಿಂತವರ ಹಾಗಾದವು. ಬಿಟ್ಟೆ. ಎರಡು ಲಿಪಿಗಳ ಆಕಾರ ಒಂದೇ ಆಗಬೇಕಿಲ್ಲ, ಪೆನ್ನು ಒಂದೇ ಆದರೆ ಸಾಕು. ಗೆರೆಯ ದಪ್ಪ ಒಂದೇ ಇರಲಿ, ಅಲುಗುವ ರೀತಿ ಒಂದೇ ಇರಲಿ, ಗೆರೆಯ ತುದಿ ಎರಡರಲ್ಲೂ ದುಂಡಗೆ ಮುಗಿಯಲಿ. ಒಬ್ಬರೇ ಕೂತು ಎರಡೂ ಭಾಷೆಯಲ್ಲಿ ಬರೆದರೆ ಹೇಗೋ ಹಾಗೆ. ಅಮ್ಮನೇ ನೋಟ್‌ಬುಕ್ಕಿನಲ್ಲಿ ಅಲ್ಲೊಂದು ಇಲ್ಲೊಂದು ಇಂಗ್ಲಿಷ್ ಪದ ಬರೆದಿದ್ದರು. ಅವರು ಅದಕ್ಕಾಗಿ ತಮ್ಮ ಕನ್ನಡವನ್ನು ಹಿಂಡಿಲ್ಲ.

ಎತ್ತರದ ಲೆಕ್ಕ ಬೇರೆಯೇ. ಇಂಗ್ಲಿಷ್ ದೊಡ್ಡಕ್ಷರಕ್ಕೆ ಒಂದು ಮಹಡಿ ಸಾಕು. ಕನ್ನಡಕ್ಕೆ ಮೂರು ಬೇಕು. ಮೇಲೆ ಗುಡಿಸು, ಏತ್ವ. ನಡುವೆ ಅಕ್ಷರ. ಕೆಳಗೆ ಒತ್ತು. ಎರಡಕ್ಕೂ ಒಂದೇ ಎತ್ತರದ ಜಾಗ ಕೊಟ್ಟರೆ ಕನ್ನಡದ ಅಕ್ಷರ ಅರ್ಧಕ್ಕೆ ಇಳಿಯುತ್ತದೆ. ದ್ವಿಭಾಷಾ ಬೋರ್ಡುಗಳಲ್ಲಿ ಕನ್ನಡ ಯಾವಾಗಲೂ ಬಡವಾಗಿ ಕಾಣುವುದಕ್ಕೆ ಇದೊಂದು ಮುಖ್ಯ ಕಾರಣ. ಶೇ 60 ಎಂಬ ನಿಯಮ ಇಲ್ಲಿ ನನಗೆ ವರವಾಯಿತು. ಬೋರ್ಡು ಎಂಟಡಿ ಅಗಲ, ಎರಡೂವರೆ ಅಡಿ ಎತ್ತರ. ಶೇ 60 ಅಂದರೆ ಒಂದೂವರೆ ಅಡಿ ಕನ್ನಡಕ್ಕೆ. ಮೂರು ಮಹಡಿಗೂ ಉಸಿರಾಡಲು ಜಾಗ ಸಿಕ್ಕಿತು. ನಡುವಿನ ಅಕ್ಷರವನ್ನು 200 ಮಿಲಿಮೀಟರ್ ಎತ್ತರ ಇಟ್ಟೆ.

ರಸ್ತೆಯ ಆಚೆ

ಗೆರೆ 8 ಮಿಲಿಮೀಟರ್. ಒತ್ತಿಗೆ ಜಾಗ ಕಡಿಮೆ ಎಂದು ಅದನ್ನು 5 ಮಿಲಿಮೀಟರ್ ಮಾಡಿದೆ. ಕಾಗದದ ಮೇಲೆ ಎಷ್ಟು ಚಂದ ಕಂಡಿತೆಂದರೆ, ರಾತ್ರಿ ಎದ್ದು ಇನ್ನೊಂದು ಸಲ ನೋಡಿದೆ. ಬೋರ್ಡ್ ಮಾಡುವವರ ಹತ್ತಿರ ಹೋದೆ. ಅವರು ಫೈಲ್ ನೋಡಿ, "ಸಾರ್, ಅಕ್ರಿಲಿಕ್ಕಲ್ಲಿ ಕಟ್ ಮಾಡಿದ್ರೆ ಆ ಒತ್ತು ಕೈಗೆ ಬರೋದ್ರೊಳಗೆ ಮುರೀತದೆ" ಎಂದರು. ಮೊದಲು ಫ್ಲೆಕ್ಸ್ ಮೇಲೆ ನಿಜ ಅಳತೆಯಲ್ಲಿ ಪ್ರಿಂಟ್ ತೆಗೆದು ಅಂಗಡಿ ಮೇಲೆ ಕಟ್ಟಿ ನೋಡೋಣ ಎಂದು ಅವರೇ ಹೇಳಿದರು. ಒಳ್ಳೆಯದೇ ಆಯಿತು.

ಭಾನುವಾರ ಬೆಳಿಗ್ಗೆ ಕಟ್ಟಿದೆವು. ಅಕ್ಕ, ಅಮ್ಮ, ನಾನು ಮೂವರೂ ರಸ್ತೆ ದಾಟಿ ಎದುರಿನ ಬಸ್ ಸ್ಟಾಪಿನಲ್ಲಿ ನಿಂತೆವು. ಅಕ್ಕ ಚಪ್ಪಾಳೆ ತಟ್ಟಿದರು. ಅಮ್ಮ ಕಣ್ಣು ಕಿರಿದು ಮಾಡಿಕೊಂಡು ನೋಡಿದರು. ಒಂದು ಕಣ್ಣಿಗೆ ಪೊರೆಯ ಆಪರೇಷನ್ ಆಗಿದೆ, ಇನ್ನೊಂದಕ್ಕೆ ಆಗಬೇಕು.

"ನನ್ನ ಅಕ್ಷರ ಅಂತೀಯ, ನನಗೇ ಕಾಣ್ತಿಲ್ಲವಲ್ಲಪ್ಪ" ಎಂದರು.

ನನಗೆ ಏನು ಹೇಳಬೇಕೋ ತೋಚಲಿಲ್ಲ. ಯಾರ ಕೈಯಿಂದ ಬಂದ ಅಕ್ಷರವೋ ಅವರೇ ಓದಲು ಆಗದಂತೆ ಮಾಡಿದ್ದೆ. ಮನೆಗೆ ಬಂದು ಲೆಕ್ಕ ಹಾಕಿದೆ, ಮೊದಲೇ ಹಾಕಬೇಕಿತ್ತು. ಕಣ್ಣಿನ ಡಾಕ್ಟರು 6/6 ಎನ್ನುತ್ತಾರಲ್ಲ, ಅಂದರೆ ಒಂದು ಡಿಗ್ರಿಯ 60ನೇ ಒಂದು ಪಾಲಿನಷ್ಟು ಸೂಕ್ಷ್ಮವನ್ನು ಬಿಡಿಸಿ ನೋಡುವ ಕಣ್ಣು. ಬಸ್ ಸ್ಟಾಪಿನಿಂದ ಬೋರ್ಡಿಗೆ ಸುಮಾರು 60 ಅಡಿ, 18 ಮೀಟರ್. ಅಷ್ಟು ದೂರದಲ್ಲಿ ಆ ಪಾಲು 5 ಮಿಲಿಮೀಟರಿಗಿಂತ ಒಂಚೂರು ಜಾಸ್ತಿ. ನನ್ನ ಒತ್ತಿನ ಗೆರೆ 5 ಮಿಲಿಮೀಟರ್! ಚುರುಕು ಕಣ್ಣಿನ ಹುಡುಗರಿಗೂ ಅದು ಅಂಚಿನಲ್ಲೇ ಇತ್ತು. ಕಣ್ಣು 6/12 ಇರುವವರಿಗೆ ಹತ್ತೂವರೆ ಮಿಲಿಮೀಟರ್ ಬೇಕು. ಇದು ಕೂದಲೆಳೆ ಹಿಡಿದು ಹಾಕಿದ ಲೆಕ್ಕವೇನಲ್ಲ. ಬಿಳಿ ಹಿನ್ನೆಲೆಯಲ್ಲಿ ಕಪ್ಪು ಒಂಟಿ ಗೆರೆ ಇನ್ನೂ ತೆಳ್ಳಗಿದ್ದರೂ ಇದೆ ಎಂದು ಗೊತ್ತಾಗಬಹುದು. ಆದರೆ ಗೆರೆ ಇದೆ ಎಂದು ಗೊತ್ತಾಗುವುದಕ್ಕೂ ಅದು ಯಾವ ಅಕ್ಷರ ಎಂದು ಗೊತ್ತಾಗುವುದಕ್ಕೂ ತುಂಬ ವ್ಯತ್ಯಾಸ ಇದೆ.

ಇಲ್ಲಿ ನಾನು ಕಲಿತದ್ದು ಕನ್ನಡಕ್ಕೇ ಸೇರಿದ್ದು. ಅಕ್ಷರ ಎಷ್ಟು ತೆಳ್ಳಗಿರಬಹುದು ಎಂದು ತೀರ್ಮಾನ ಮಾಡುವುದು ಅಕ್ಷರವಲ್ಲ, ಅದರ ಅತಿ ಚಿಕ್ಕ ಭಾಗ. ಒತ್ತು, ದೀರ್ಘ, ಹೊಟ್ಟೆ ಸೀಳು. 'ದ'ಕ್ಕೂ 'ಧ'ಕ್ಕೂ ನಡುವೆ ಇರುವುದು ಒಂದು ಪುಟ್ಟ ಗೀಟು. 'ಪ'ದ ಒಳಗೆ ಒಂದು ಗೆರೆ ಎಳೆದರೆ 'ಷ'. ದಪ್ಪ ಅಕ್ಷರದಲ್ಲಿ ಈ ಗೀಟುಗಳಿಗೆ ಜಾಗ ಸಾಲದೆ ಮೆತ್ತಿಕೊಳ್ಳುತ್ತವೆ. ತೆಳ್ಳಗಿನ ಅಕ್ಷರದಲ್ಲಿ ಜಾಗ ಧಾರಾಳ, ಆದರೆ ಗೀಟೇ ಆವಿಯಾಗಿಬಿಡುತ್ತದೆ. ಇಂಗ್ಲಿಷಿನ ತೆಳು ಅಕ್ಷರಕ್ಕೆ ಈ ಕಷ್ಟ ಇಷ್ಟಿಲ್ಲ. ಅದಕ್ಕೇ ಅಮಾಟಿಕ್ ಎಷ್ಟು ತೆಳ್ಳಗಿದೆಯೋ ಕನ್ನಡವೂ ಅಷ್ಟೇ ಇರಲಿ ಎಂದು ಕಣ್ಣು ಮುಚ್ಚಿ ಅಳತೆ ಹಾಕಬಾರದು.

ಪೂರ್ತಿ ಮತ್ತೆ ಬರೆದೆ. ಒತ್ತನ್ನು ಅಕ್ಷರದ ಅರ್ಧದಿಂದ ಮೂರನೇ ಎರಡು ಪಾಲಿಗೆ ಬೆಳೆಸಿದೆ. ಅಮ್ಮನ ಒತ್ತು ಬಲಕ್ಕೆ ಜಾರುತ್ತದಲ್ಲ, ಅದರಿಂದ ಬೆಳೆಯಲು ಜಾಗವೂ ಸಿಕ್ಕಿತು. ಏತ್ವದ ದೀರ್ಘವನ್ನು ಅವರು ಎಳೆಯುವಷ್ಟೇ ಎಳೆದೆ, ಮೊದಲ ಸಲ ಅಂದವಾಗಲಿ ಎಂದು ಮೊಟಕು ಮಾಡಿದ್ದೆ. ಗೆರೆಯನ್ನು ಎಲ್ಲ ಕಡೆ 12 ಮಿಲಿಮೀಟರ್ ಮಾಡಿದೆ, ಒತ್ತಿಗೂ ಅಷ್ಟೇ.

12 ಯಾಕೆಂದರೆ ಎಲ್‌ಇಡಿ ನಿಯಾನ್ ಪಟ್ಟಿ, ಅಂದರೆ ಒಳಗೆ ಪುಟ್ಟ ದೀಪಗಳಿರುವ ಬಗ್ಗುವ ಪಟ್ಟಿ, ಆ ಅಗಲದಲ್ಲಿ ಸಿಗುತ್ತದೆ. ಬೋರ್ಡಿನವರೇ ಕೊಟ್ಟ ಐಡಿಯಾ. ಯೋಚಿಸಿದರೆ ಬಾಲ್‌ಪೆನ್ನಿಗೂ ನಿಯಾನಿಗೂ ಒಂದೇ ಗುಣ: ಉದ್ದಕ್ಕೂ ಒಂದೇ ದಪ್ಪ, ದುಂಡನೆಯ ತಿರುವು. ತೊಡಕೂ ಇತ್ತು. ಪಟ್ಟಿಯನ್ನು ಒಂದು ಮಿತಿಗಿಂತ ಬಿಗಿಯಾಗಿ ಬಗ್ಗಿಸಿದರೆ ಒಳಗಿನ ದೀಪ ಸಾಯುತ್ತದೆ. ಕತ್ತರಿಸುವುದೂ ಗುರುತು ಇರುವಲ್ಲೇ. ಒತ್ತನ್ನು ದೊಡ್ಡದು ಮಾಡದೇ ಇದ್ದಿದ್ದರೆ ಅದು ಬಗ್ಗುತ್ತಲೇ ಇರಲಿಲ್ಲ. ಅಮ್ಮನ ಕಣ್ಣಿಗೆ ಬೇಕಾದದ್ದೂ ಪಟ್ಟಿಗೆ ಬೇಕಾದದ್ದೂ ಒಂದೇ ಆಯಿತು. ತಲೆಕಟ್ಟು ಅಕ್ಷರಕ್ಕೆ ಅಂಟದೆ ಬೇರೆ ಇದ್ದದ್ದರಿಂದ ಅದನ್ನು ಬೇರೆ ತುಂಡಾಗಿಯೇ ಕೂರಿಸಿದರು, ಪಟ್ಟಿ ಒಂದರ ಮೇಲೊಂದು ಹತ್ತುವ ಗೋಳು ತಪ್ಪಿತು.

ಹಿನ್ನೆಲೆಗೆ ಕಡು ಹಸಿರು ಎಸಿಪಿ ಶೀಟು (ಅಲ್ಯೂಮಿನಿಯಂ ಹೊದಿಕೆಯ ಹಲಗೆ), ಮೇಲೆ ಬೆಚ್ಚಗಿನ ಬಿಳಿ ಬೆಳಕು. ತೆಳ್ಳಗಿನ ಅಕ್ಷರವನ್ನು ಬೆಳಗುವ ಬಿಳಿ ಬೋರ್ಡಿನ ಮೇಲೆ ಕಪ್ಪಿನಲ್ಲಿ ಹಾಕಲೇಬಾರದು, ಸುತ್ತಲಿನ ಬೆಳಕು ಗೆರೆಯನ್ನು ತಿಂದುಹಾಕುತ್ತದೆ. ಕತ್ತಲ ಹಿನ್ನೆಲೆಯಲ್ಲಿ ಬೆಳಗುವ ಗೆರೆ ಅದರ ನಿಜ ಅಳತೆಗಿಂತ ದಪ್ಪವಾಗಿ ಕಾಣುತ್ತದೆ. ಇಂಗ್ಲಿಷ್ ಹೆಸರು ಕೆಳಗೆ, ಅಮಾಟಿಕ್‌ನ ಬೋಲ್ಡ್ ರೂಪದಲ್ಲಿ, ಬಿಳಿ ಬಣ್ಣದಲ್ಲಿ. ಅದಕ್ಕೆ ದೀಪ ಇಲ್ಲ.

ಒಳಗೆ, ಹತ್ತಿರದಲ್ಲಿ

ತೆಳ್ಳಗಿನ ಕೈಬರಹಕ್ಕೆ ನಿಜವಾದ ಮನೆ ಅಂಗಡಿಯ ಒಳಗಿತ್ತು. ಜನ ಅಲ್ಲಿ ನಿಲ್ಲುತ್ತಾರೆ, ಕಾಫಿ ಬರುವ ತನಕ ಗೋಡೆ ನೋಡುತ್ತಾರೆ. ಎರಡು ಮೂರು ಅಡಿ ದೂರ. ಇಂಥ ಅಕ್ಷರ ಹತ್ತಿರ ಕೂತು ಮೆಲ್ಲಗೆ ಮಾತಾಡುವವರ ಹಾಗೆ. ಕೇಳುವವರು ಪಕ್ಕದಲ್ಲಿರಬೇಕು, ಮಾತು ಕಮ್ಮಿ ಇರಬೇಕು.

ಮೆನು ವಾರ ವಾರ ಬದಲಾಗುತ್ತದೆ. ಹಾಗಾಗಿ ಬರೆದುಕೊಟ್ಟರೆ ಸಾಲದು, ಟೈಪ್ ಮಾಡುವಂಥ ಫಾಂಟೇ ಬೇಕು. ಪೂರ್ತಿ ಕನ್ನಡ ಫಾಂಟ್ ಸಣ್ಣ ಕೆಲಸವಲ್ಲ. 34 ವ್ಯಂಜನ, ಪ್ರತಿಯೊಂದಕ್ಕೂ ಕಾಗುಣಿತ, ಪ್ರತಿಯೊಂದಕ್ಕೂ ಒತ್ತು. ನೋಟ್‌ಬುಕ್ಕಿನಲ್ಲಿ ಇದ್ದಷ್ಟನ್ನು ಮೊದಲು ಮಾಡಿದೆ. ತಿಂಡಿ ಅಂಗಡಿಗೆ ಬೇಕಾದ್ದೆಲ್ಲ ಹೆಚ್ಚು ಕಡಿಮೆ ಅದರಲ್ಲೇ ಬಂದಿತ್ತು.

ಎರಡು ಜಾಗದಲ್ಲಿ ತುಂಬ ಹೊತ್ತು ಕೂತೆ. ಒಂದು 'ಶುಂಠಿ'. ಒಂದೇ ಎಳೆಯ ಬರಹದಲ್ಲಿ 'ಂ' ಒಂದು ಸೊನ್ನೆ. 'ಠ' ಕೂಡ ಸೊನ್ನೆ, ಒಳಗೊಂದು ಚುಕ್ಕೆ. ಎರಡೂ ಅಕ್ಕಪಕ್ಕ ಬಂದರೆ ದೂರದಿಂದ ಎರಡು ಸೊನ್ನೆ. ಅಮ್ಮ ಏನು ಮಾಡಿದ್ದರು ನೋಡಿದೆ. ಅವರ ಅನುಸ್ವಾರ ಪುಟ್ಟದು, ನೆಲದಿಂದ ತುಸು ಮೇಲೆದ್ದು ನಿಂತಿದೆ. 'ಠ' ಮಾತ್ರ ದೊಡ್ಡದು, ಚುಕ್ಕೆಯನ್ನು ಪೆನ್ನು ಒತ್ತಿ ಇಟ್ಟಿದ್ದಾರೆ, ಕಾಗದದ ಹಿಂಬದಿಯಲ್ಲೂ ಉಬ್ಬು ಬಂದಿದೆ. ಹಾಗೇ ಮಾಡಿದೆ. ತಿರುವಿನ ಶಾಯಿ ಚುಕ್ಕೆಗಳನ್ನು ಬಿಟ್ಟರೆ ಫಾಂಟಿನಲ್ಲೆಲ್ಲ ಗೆರೆಗಿಂತ ದಪ್ಪ ಇರುವುದು ಆ ಒಂದು ಚುಕ್ಕೆ.

ಇನ್ನೊಂದು 'ಬನ್'. ಖಾರ ಬನ್, ಆಲೂ ಬನ್, ಬೆಣ್ಣೆ ಬನ್. ಒಂದರ ಕೆಳಗೊಂದು ಬಂದಾಗ ಮೂರು 'ಬ'ಗಳೂ ಅಚ್ಚು ಹೊಡೆದ ಹಾಗೆ ಒಂದೇ ತರ ಅಲುಗಿ ನಿಂತಿದ್ದವು. ಕೈಬರಹ ಎಂಬ ನಂಬಿಕೆ ಅಲ್ಲೇ ಮುರಿಯಿತು. ಜಾಸ್ತಿ ಬರುವ ಅಕ್ಷರಗಳಿಗೆ ಮೂರು ಮೂರು ರೂಪ ಮಾಡಿ, ಒಂದಾದ ಮೇಲೆ ಇನ್ನೊಂದು ತಾನಾಗಿ ಬರುವಂತೆ ಫಾಂಟಿನೊಳಗೇ ನಿಯಮ ಹಾಕಿದೆ. 'ಕಾಫಿ'ಯ 'ಫ'ಕ್ಕೂ ಹಾಗೇ. ಬಾಯಲ್ಲಿ ಎಲ್ಲರೂ ಕಾಪಿ ಎಂದರೂ ಅಮ್ಮ ಆ ಸೀಳನ್ನು ಒಂದು ಸಲವೂ ಬಿಟ್ಟಿಲ್ಲ.

ಪೆಟ್ಟಿಗೆಗಳ ಮೇಲೆ ಸ್ಕ್ರೀನ್ ಪ್ರಿಂಟ್. ಕಂದು ಕ್ರಾಫ್ಟ್ ರಟ್ಟು ಶಾಯಿ ಹೀರುತ್ತದೆ. ಬೇರೆ ಬೇರೆ ದಪ್ಪದ ಗೆರೆ ಹೊಡೆಸಿ ನೋಡಿದೆವು. 0.2 ಮಿಲಿಮೀಟರಿನದು ಅಲ್ಲಲ್ಲಿ ತುಂಡಾಯಿತು, 0.4 ಸರಿಯಾಗಿ ನಿಂತಿತು. ಬಣ್ಣ ಒಂದೇ, ಗಟ್ಟಿ ಕಡುಗಂದು. ನಾಲ್ಕು ಬಣ್ಣ ಬೆರೆಸಿ ತೆಳು ಗೆರೆ ಅಚ್ಚು ಹಾಕಿಸಿದರೆ ಗೆರೆ ಚುಕ್ಕೆಚುಕ್ಕೆಯಾಗಿ ಒಡೆಯುತ್ತದೆ. ಅದನ್ನು ಬೇರೊಂದು ಕೆಲಸದಲ್ಲಿ ಹಿಂದೆಯೇ ಅನುಭವಿಸಿದ್ದೆ.

ಗಾಜಿನ ಬಾಗಿಲಿಗೆ ವಿನೈಲ್ ಸ್ಟಿಕ್ಕರ್ ಕತ್ತರಿಸಿದ್ದು ಮಾತ್ರ ಪೂರ್ತಿ ಸೋತಿತು. ಸುತ್ತಲಿನ ಹಾಳೆ ಸುಲಿಯುವಾಗ ಒತ್ತುಗಳೆಲ್ಲ ಅದರ ಜೊತೆಗೇ ಎದ್ದು ಬಂದವು. ಕೊನೆಗೆ ಕೈಯಲ್ಲಿ ಬೋರ್ಡ್ ಬರೆಯುವ ಒಬ್ಬ ಹಿರಿಯರನ್ನು ಕರೆಸಿದೆವು. ಇನಾಮೆಲ್ ಬಣ್ಣಕ್ಕೆ ನಾಲ್ಕು ಹನಿ ಟರ್ಪೆಂಟೈನ್ ಬೆರೆಸಿ, ಉದ್ದ ಕೂದಲಿನ ಸಣ್ಣ ಬ್ರಶ್ ಅದ್ದಿ, ಎಡಗೈಯಲ್ಲಿ ಹಿಡಿದ ಕೋಲಿನ ಮೇಲೆ ಬಲಗೈ ಇಟ್ಟುಕೊಂಡರು. ನನ್ನ ಪ್ರಿಂಟನ್ನು ಗಾಜಿನ ಆಚೆ ಬದಿಗೆ ಅಂಟಿಸಿಕೊಂಡಿದ್ದರು. 'ಣ್ಣೆ'ಯ ಒತ್ತನ್ನು ಎರಡೇ ಎಳೆತದಲ್ಲಿ ಮುಗಿಸಿದರು, ಬೆರಳು ಅಲುಗಲೇ ಇಲ್ಲ, ತೋಳು ಮಾತ್ರ ಅಲುಗಿತು. ಮುಗಿಸಿ ಹಿಂದೆ ಸರಿದು, "ಈ ದೀರ್ಘ ಯಾರು ಬರ್ದಿದ್ದು? ಹೆಂಗಸ್ರ ಕೈ ಇದು" ಎಂದರು. ಗಲ್ಲಾದಲ್ಲಿದ್ದ ಅಮ್ಮ ತಲೆ ಎತ್ತಿ ನಕ್ಕರು.

ತೆಳ್ಳಗಿನ ಅಕ್ಷರವನ್ನು ಬಳಸದೇ ಬಿಟ್ಟ ಜಾಗಗಳ ಬಗ್ಗೆಯೂ ನನಗೆ ಸಮಾಧಾನ ಇದೆ. ಪೊಟ್ಟಣದ ಹಿಂದೆ ಇರುವ ಸಾಮಗ್ರಿಗಳ ಪಟ್ಟಿ, ತಯಾರಾದ ದಿನ, ಫೋನ್ ನಂಬರು ಎಲ್ಲ ನೋಟೋ ಸಾನ್ಸ್ ಕನ್ನಡದಲ್ಲಿ, ಮಾಮೂಲಿ ದಪ್ಪದಲ್ಲಿವೆ. ಅಕ್ಕ ಅದನ್ನೂ ಅಮ್ಮನ ಅಕ್ಷರದಲ್ಲೇ ಹಾಕು ಎಂದು ಬಹಳ ಹೇಳಿದರು. ನಾನು ಒಪ್ಪಲಿಲ್ಲ. ಯಾವುದಕ್ಕೆ ಏನು ಹಾಕಿದ್ದಾರೆ ಎಂದು ನೋಡಿ ತಿನ್ನುವವರಿರುತ್ತಾರೆ. ಅವರಿಗೆ ಅಂದ ಅಡ್ಡ ಬರಬಾರದು.

ಬೋರ್ಡು ಹತ್ತಿದ ಸಂಜೆ ಮತ್ತೆ ಬಸ್ ಸ್ಟಾಪಿಗೆ ಹೋದೆವು. ಅಮ್ಮ ಒಂದೊಂದೇ ಅಕ್ಷರ ಜೋರಾಗಿ ಓದಿದರು, ಒತ್ತನ್ನೂ ಬಿಡದೆ.

ಇದಾಗಿ ಕೆಲವು ತಿಂಗಳ ಮೇಲೆ ಅಕ್ಕ ಫೋನ್ ಮಾಡಿದರು. ಹುಟ್ಟುಹಬ್ಬದ ಕೇಕಿನ ಪೆಟ್ಟಿಗೆ ಮೇಲೆ ಮಗುವಿನ ಹೆಸರು ಹಾಕಬೇಕು, ಹೆಸರಿನಲ್ಲಿ 'ಜ್ಞ' ಇದೆ, ಫಾಂಟಿನಲ್ಲಿ ಬರುತ್ತಿಲ್ಲ. ಬರುವುದು ಹೇಗೆ? ಬಿಸ್ಕತ್ತಿನ ಅಳತೆಯಲ್ಲಿ 'ಞ'ದ ಒತ್ತು ಎಲ್ಲಿರುತ್ತದೆ? ನಾನೇ ಊಹಿಸಿ ಬರೆಯಬಹುದಿತ್ತು. ಆದರೆ ಅಂಗಡಿಗೆ ಹೋಗಿ ಅಮ್ಮನ ಮುಂದೆ ಬಿಲ್ಲಿನ ಹಾಳೆ, ನೀಲಿ ಬಾಲ್‌ಪೆನ್ ಇಟ್ಟೆ. ಮೂರು ಸಲ ಬರೆದರು. ಮೊದಲನೆಯದು ಕೈ ನಡುಗಿ ಒತ್ತಿನ ಬಾಲ ಮುರಿದಿತ್ತು. ಮೂರನೆಯದು ನಾನು ನೋಡುತ್ತಿದ್ದೇನೆ ಎಂದು ಗೊತ್ತಾಗಿ ಶಾಲೆಯ ಕಾಪಿ ಪುಸ್ತಕದ ಹಾಗೆ ಬರೆದದ್ದು. ಫಾಂಟಿನಲ್ಲಿ ಈಗ ಇರುವುದು ಎರಡನೆಯದು.